ಮೂತಿ ರಾಯಬಾಗಕ್ಕ, ಬೆನ್ನು ನಿಪ್ಪಾಣಿಗಿ

ನಮ್ಮನಿಯಾಗ ಒಂದು ಬಿಳಿ ಓಮ್ನಿ ಐತಿ. ಹೋದ ವರ್ಷ ದಸರಾಕ ಕೊಲ್ಲಾಪುರದ ಕಡಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ಎಂಎಚ್ 09 ನಂಬರ್ ಇತ್ತು, ಅದನ್ನ ನಮ್ಮ ಚಿಕ್ಕೋಡಿಯ ಕೆಎ 23 ಮಾಡಿಸೂದರಾಗ ನಮ್ಮನಿಯವರ ಚಪ್ಪಲಿ ಸವದು ಹೋದುವು. ಮಾರಿದವರು "ಒಬ್ರ ಕೈಯಾಗಿನ ಗಾಡಿರಿ, ಬರೇ ದೇವರ ಗುಡಿಗಿ ಹೋಗಿ ಬಂದೈತಿ" ಅಂದಿದ್ರು. ಮನಿಗಿ ತಂದು ಹಿಂದಿನ ಸೀಟು ಎತ್ತಿ ಝಾಡಿಸಿದರ ಕೆಳಗ ಸಿಮೆಂಟಿನ ಹುಡಿ. ಗುಡಿ ಇನ್ನೂ ಕಟ್ಟಾಕತ್ತಿತ್ತು ಅಂತ ಕಾಣತೈತಿ.

ಗಾಡಿ ನಾವಿಬ್ಬರೂ ಹೊಡಿತೀವಿ. ಅವರದು ಕಿರಾಣಿ ಅಂಗಡಿ, ಅವರು ಪ್ಯಾಟಿಯೊಳಗ ಇಪ್ಪತ್ತು-ಮೂವತ್ತರ ಸ್ಪೀಡಿನಾಗ ತಿರುಗ್ಯಾಡತಾರ. ನಾನು ಮನಿಯಾಗ ಬ್ಲೌಸ್ ಹೊಲಿತೀನಿ. ರವಿವಾರ ಮಗಳನ್ನ ಕರಕೊಂಡು ಚಿಂಚಲಿಯೊಳಗಿನ ತವರಿಗಿ ಹೋಗಾಕ ಮಾತ್ರ ಗಾಡಿ ನನ್ನ ಕೈಗೆ. ಅಂದ್ರ ಗಾಡಿ ಜೋರಾಗಿ ಓಡೂದು ನನ್ನ ಕೈಯಾಗ. ಅದಕ್ಕ ಮೊದಲು ಗೊತ್ತಾಗಿದ್ದೂ ನನಗ. ರಾಯಬಾಗದ ರಸ್ತೆದಾಗ ಐವತ್ತು ದಾಟಿತಂದ್ರ ಹಿಂದಿನ ಭಾಗ ತನ್ನಷ್ಟಕ್ಕ ತಾನು ಅತ್ತಾಗಿತ್ತಾಗ ಸರೀತಿತ್ತು. ಹಗ್ಗ ಸಡಲಾದ ಹೊರಸಿನ ಮ್ಯಾಲ ಕುಂತಂಗ.

ಓಮ್ನಿ ಸ್ವಭಾವ ಬಲ್ಲವರಿಗೆ ಬಲ್ಲದು. 1984ರಾಗ ಮಾರುತಿ ವ್ಯಾನ್ ಅಂತ ಬಂದಿದ್ದು, ಆಮ್ಯಾಲ ಓಮ್ನಿ ಆತು, 2019ರಾಗ ನಿಂತಿತು. 796 ಸಿಸಿ ಇಂಜಿನ್ನು ಮುಂದಿನ ಸೀಟಿನ ಬುಡಕ, ಗಾಡಿ ದೂಡೂದು ಮಾತ್ರ ಹಿಂದಿನ ಗಾಲಿ. ಮುಂದ ಇಬ್ಬರು ಕುಂತು ಹಿಂದ ಖಾಲಿ ಇದ್ದರ ದೂಡೂ ಗಾಲಿ ಮ್ಯಾಲ ಭಾರ ಕಡಿಮಿ, ಹಸಿ ರಸ್ತೆದಾಗ ಲಗೂನ ಜಾರತೈತಿ. ರೇಸಿನ ಕಾರಿನವರು ಬೇಕಂತ ಹಿಂದ ಜಾರಸ್ತಾರಂತ. ನಮಗ ಆ ಹೌಸಿ ಇರಲಿಲ್ಲ.

ನವೆಂಬರ್ ಕೊನಿಗೆ, ಕಬ್ಬಿನ ಹಂಗಾಮು ಚಾಲೂ ಆಗಿತ್ತು. ಅಕಾಲದ ಮಳಿ ಬಿದ್ದು, ಟ್ರ್ಯಾಲಿ ಗಾಲಿಯ ಎರಿ ಮಣ್ಣು ಡಾಂಬರಿನ ಮ್ಯಾಲೆಲ್ಲ ಮೆತ್ತಿತ್ತು. ತಿರುವಿನಾಗ ಮುಂದ ಕಬ್ಬಿನ ಟ್ರ್ಯಾಕ್ಟರ್ ಕಂಡಿತು. ಎಕ್ಸಿಲೇಟರ್ ಬಿಟ್ಟು ತುಸು ಬ್ರೇಕ್ ಮುಟ್ಟಿದೆ, ಅಷ್ಟ. ಹಿಂದಿನ ಭಾಗ ಎಡಕ್ಕ ಹೋತು, ಮೂತಿ ಬಲಕ್ಕ ಹೊಳ್ಳಿತು. ಎದುರಿಗೆ ಬಸ್ಸು. ಬ್ರೇಕ್ ಬಿಟ್ಟು ಸ್ಟೇರಿಂಗ್ ಎಡಕ್ಕ ಎಳದೆ, ಹೆಂಗೋ ಗಾಡಿ ಸೈಡಿನ ಮಣ್ಣಿಗಿಳಿದು ನಿಂತಿತು. ಹಿಂದ ಬುತ್ತಿ ಡಬ್ಬಿ ಉರುಳಿ ರೊಟ್ಟಿ ಎಲ್ಲಾ ಚೆಲ್ಲಿದ್ದುವು. ಮಗಳು ಅಳಲಿಲ್ಲ. "ಅವ್ವಾ, ಮನಿಗಿ ನಡಕೋತ ಹೋಗೂಣು" ಅಂದ್ಲು. ಆ ಮಾತು ಬಸ್ಸಿನಕಿಂತ ಹೆಚ್ಚು ಹೆದರಿಸಿತು.

ಮನಿಗಿ ಬಂದು ಹೇಳಿದರ ನಮ್ಮನಿಯವರು, "ತಿರುವಿನಾಗ ಬ್ರೇಕ್ ಹಿಡಿಬಾರದು ಅಂತ ಎಷ್ಟು ಸಲ ಹೇಳೀನಿ? ನಾ ದಿನಾ ಹೊಡಿತೀನಿ, ನನಗ್ಯಾಕ ಏನೂ ಆಗಂಗಿಲ್ಲ?" ಅಂದ್ರು. ಅತ್ತಿಯವರು, "ಕಿಲ್ಲಿ ಮ್ಯಾಲ ಇಡು" ಅಂದ್ರು. ನಾನ ಕಿಲ್ಲಿ ಮೊಳಿಗಿ ಹಾಕಿದೆ. ಮೂರು ವಾರ ಬಸ್ಸಿಗೇ ತವರಿಗಿ ಹೋದೆ. ಖರೇ ಹೇಳಬೇಕಂದ್ರ ನನಗೂ ನನ್ನ ಕೈ ಮ್ಯಾಲ ನಂಬಿಗಿ ಹೋಗಿತ್ತು.

ಹಂಗಂತ ಅವರೇನು ಸುಮ್ಮನ ಕೂಡಲಿಲ್ಲ. ಮೊದಲು ಹವಾ ಚೆಕ್ ಮಾಡಿಸಿದ್ರು. ಆಮ್ಯಾಲ ಟೈರ್ ಮುಂದಿನವು ಹಿಂದ, ಹಿಂದಿನವು ಮುಂದ ಹಾಕಿಸಿದ್ರು. ಟೈರಿನ ದೋಷ ಇದ್ದರ ದೋಷ ಮುಂದ ಬರಬೇಕು, ಆದ್ರ ಹಿಂದನ ಉಳಿತು. ಹಿಂದಿನ ಶಾಕಪ್ ಎರಡೂ ಹೊಸಾವು ಹಾಕಿಸಿದ್ರು. ಕುಣಿಯೂದು ಕಡಿಮಿ ಆತು, ಸರಿಯೂದು ನಿಲ್ಲಲಿಲ್ಲ. ನಿಪ್ಪಾಣಿಗಿ ಒಯ್ದು ವೀಲ್ ಅಲೈನ್‌ಮೆಂಟ್ ಮಾಡಿಸಿದ್ರು. ಅಲ್ಲಿಯ ಹುಡುಗ ಮುಂದಿನ ಗಾಲಿ ಸರಿ ಮಾಡಿ, "ಈ ಗಾಡಿಗೆ ಹಿಂದ ಅಡ್ಜಸ್ಟ್ ಇರಂಗಿಲ್ಲರಿ" ಅಂದ. ಅದು ಖರೇ. ಹಿಂದ ಒಂದ ಗಟ್ಟಿ ಅಚ್ಚು, ಎರಡು ಪಾಟಾ, ತಿರುಗಸಾಕ ಏನೂ ಇಲ್ಲ. ಅಡ್ಜಸ್ಟ್ ಇಲ್ಲಂದ್ರ ದೋಷಾನೂ ಇರಂಗಿಲ್ಲ ಅಂತ ನಾವು ತಿಳಕೊಂಡಿವಿ. ನಾಕ ದಿನಕ್ಕ ಸ್ಟೇರಿಂಗ್ ಮತ್ತ ಓರೆ ಆತು.

ಒಂದಿನ ಮೈದುನ ಬೈಕಿನ ಮ್ಯಾಲ ನಮ್ಮ ಗಾಡಿ ಹಿಂದ ಬಂದಿದ್ದ. ಇಳದಾಂವನ ನಕ್ಕ. "ವೈನಿ, ನಿಮ್ಮ ಗಾಡಿ ನಾಯಿ ಓಡಿದಂಗ ಓರೆ ಓಡತೈತಿ. ಮೂತಿ ರಾಯಬಾಗಕ್ಕ, ಬೆನ್ನು ನಿಪ್ಪಾಣಿಗಿ!"

ಎಲ್ಲಾರೂ ನಕ್ಕರು. ಅವತ್ತು ನಮ್ಮಪ್ಪ ಬಂದಿದ್ದ, ಅಂವ ನಗಲಿಲ್ಲ. ಚಿಂಚಲಿ ಮಾಯಕ್ಕನ ಜಾತ್ರಿಗಿ ಸೇರೂ ಚಕ್ಕಡಿ ನೋಡಕೋತ ಬೆಳದಾಂವ, ಸ್ವಂತ ಚಕ್ಕಡಿ ನಲವತ್ತು ವರ್ಷ ಹೊಡದಾಂವ. ಗಾಡಿ ಹಿಂದ ಕುಕ್ಕರಗಾಲಿಲೆ ಕುಂತು ಒಂದು ಕಣ್ಣು ಮುಚ್ಚಿ ನೋಡಿದ. "ಅಚ್ಚು ಓರೆ ಆದರ ಚಕ್ಕಡಿ ಒಂದು ಮಗ್ಗಲಕ ಎಳಿತೈತಿ. ಒಂದು ಎತ್ತಿನ ಹೆಗಲು ಹುಣ್ಣಾಗತೈತಿ. ಮಂದಿ ಏನ್ ಮಾಡತಾರ? ಎತ್ತು ಮೈಗಳ್ಳ ಅಂತ ಬಾರಕೋಲಿನಿಂದ ಹೊಡಿತಾರ. ನೂಲು ತಾ ಮಗಳ."

ನನ್ನ ಹೊಲಿಗಿ ಟೇಪು 60 ಇಂಚು. ಓಮ್ನಿಯ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 1840 ಮಿಲಿಮೀಟರ್, ಅಂದ್ರ 72 ಇಂಚಿನ ಮ್ಯಾಲ. ಟೇಪು ಮುಟ್ಟಲಿಲ್ಲ, ಅದಕ್ಕ ದಪ್ಪ ನೂಲು. ಸ್ಟೇರಿಂಗ್ ನೀಟ ಹಿಡಿದು, ಬಲಕ್ಕ ಗಾಲಿಯ ನಡುವಿನಿಂದ ಗಾಲಿಯ ನಡುವಿಗೆ ನೂಲು ಬಿಗಿದು ಗಂಟು ಹಾಕಿದೆ. ಅದನ್ನ ಎಡಕ್ಕ ಹಿಡದೆ. ಮುಕ್ಕಾಲು ಇಂಚು ನೂಲು ಹೆಚ್ಚಾತು. ಎಡಗಡಿ ಹಿಂದಿನ ಗಾಲಿ ಅಷ್ಟು ಮುಂದ ಬಂದಿತ್ತು. ಬ್ಲೌಸಿನ ಒಂದು ಭುಜ ಮುಕ್ಕಾಲು ಇಂಚು ಹೆಚ್ಚುಕಡಿಮಿ ಆದರ ಗಿರಾಕಿ ಮಾರಿಗೆ ಒಗೀತಾಳ. ನಾವು ಆ ಅಳತಿಯ ಗಾಡಿಯಾಗ ಮಗಳನ್ನ ಕೂಡಿಸಿಕೊಂಡು ತಿರುಗ್ಯಾಡಿದ್ವಿ.

ಮರುದಿನ ಮಿಸ್ತ್ರಿ ಗಾಡಿ ಎತ್ತಿ, ಎಡಗಡಿ ಪಾಟಾದ ಕಡೆ ಬ್ಯಾಟರಿ ಹಿಡಿದು ನನಗೂ ತೋರಿಸಿದ್ರು. ಪಾಟಾ ಬರೇ ಭಾರ ಹೊರಂಗಿಲ್ಲ, ಅಚ್ಚನ್ನ ಜಾಗಾದಾಗ ಹಿಡಿಯೂದೂ ಅದ. ಪಾಟಾಗಳ ನಡುವ ಒಂದು ಸೆಂಟರ್ ಬೋಲ್ಟ್, ಅದರ ತಲಿ ಅಚ್ಚಿನ ತೂತಿನಾಗ ಕೂಡತೈತಿ. ಯು-ಬೋಲ್ಟ್ ಎರಡನ್ನೂ ಬಿಗಿಯಾಗಿ ಒತ್ತಿ ಹಿಡಿತಾವ. ನಮ್ಮ ಯು-ಬೋಲ್ಟ್ ಸಡಲಾಗಿ, ಸೆಂಟರ್ ಬೋಲ್ಟ್ ಕಡದು ಎರಡು ತುಂಡಾಗಿತ್ತು. ಮುರದ ಜಾಗಾಕ್ಕ ಹಳೇ ಜಂಗು ಹತ್ತಿತ್ತು. ಸಿಮೆಂಟಿನ ಹುಡಿ ನನಗ ಆವಾಗ ನೆನಪಾತು.

"ಎಕ್ಸಿಲೇಟರ್ ಒತ್ತಿದಾಗ ಎಡಗಡಿ ಗಾಲಿ ಮುಂದ ದೂಡತೈತಿ, ಮೂತಿ ಎಡಕ್ಕ. ಬ್ರೇಕ್ ಹಿಡಿದ್ರ ಗಾಲಿ ಹಿಂದ ಜಗ್ಗತೈತಿ, ಮೂತಿ ಬಲಕ್ಕ. ಹಂಗ ಆಗತಿತ್ತೇನ್ರಿ ಅಕ್ಕಾರ?" ಅಂತ ಮಿಸ್ತ್ರಿ ಕೇಳಿದ್ರು. ನನಗ ಕಣ್ಣಾಗ ನೀರು ಬಂತು. ಮೂರು ವಾರದಿಂದ ಅದನ್ನ ಹೇಳಾಕತ್ತಿದ್ದೆ. ಕೇಳಿದ್ದು ಅವರೊಬ್ಬರ. ನಮ್ಮನಿಯವರು ಬಾಜೂಕ ನಿಂತು ಮುರದ ಬೋಲ್ಟ್ ತಿರುಗಿಸಿ ತಿರುಗಿಸಿ ನೋಡಾಕತ್ತಿದ್ರು.

ಹೊಸಾ ಸೆಂಟರ್ ಬೋಲ್ಟ್, ಎರಡೂ ಕಡಿ ಹೊಸಾ ಯು-ಬೋಲ್ಟ್, ಪಾಟಾದ ತುದಿಗೆ ಹೊಸಾ ಬುಶ್. ಶಾಕಪ್ಪಿಗೆ ಕೊಟ್ಟದ್ದರಾಗ ಅರ್ಧಾನೂ ಆಗಲಿಲ್ಲ. ಮಿಸ್ತ್ರಿ ಮುಂದ ನಾನ ನೂಲು ಹಿಡದೆ. ಎರಡೂ ಕಡಿ ಗಂಟಿಗೆ ಗಂಟು ಕೂಡಿತು. ಐನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಂದು ಯು-ಬೋಲ್ಟ್ ಬಿಗಿಸಿಕೊಂಡು ಹೋಗ್ರಿ, ಹೊಸಾವು ತುಸು ಸಡಲಾಗತಾವ ಅಂತ ಹೇಳಿದ್ರು. ಹೋಗಿ ಬಿಗಿಸಿಕೊಂಡು ಬಂದ್ವಿ.

ನಮ್ಮನಿಯವರು ತಪ್ಪಾತು ಅಂತ ಬಾಯಿಲೆ ಅನ್ನಲಿಲ್ಲ, ಅನ್ನೂ ಮಂದಿ ಅಲ್ಲ. ಮುಂದಿನ ರವಿವಾರ ಮೊಳಿಯಿಂದ ಕಿಲ್ಲಿ ತಗದು ನನ್ನ ಕೈಯಾಗ ಇಟ್ಟು, ತಾವು ಎಡಗಡಿ ಸೀಟಿನ್ಯಾಗ ಕುಂತರು. ಅದ ತಿರುವು ಬಂತು. ಅವರು ಬ್ರೇಕಿನ ಮಾತು ಎತ್ತಲಿಲ್ಲ. ಬುತ್ತಿ ಡಬ್ಬಿ ಮಾತ್ರ ತೊಡಿ ಮ್ಯಾಲ ಇಟಗೊಂಡು ಗಟ್ಟಿಯಾಗಿ ಹಿಡಕೊಂಡಿದ್ರು. ಗಾಡಿ ಹಳಿ ಮ್ಯಾಲ ಹೋದಂಗ ಹೋತು. ಹಿಂದ ಮಗಳು ನಿದ್ದಿ ಹತ್ತಿದ್ಲು.

ನೀವೂ ಪಾಟಾ ಇರೂ ಹಳೇ ಗಾಡಿ ತಗೊಳ್ಳಾಕ ಹೊಂಟಿದ್ದರ ಬಣ್ಣ ನೋಡೂ ಮೊದಲು ಎರಡೂ ಕಡಿ ನೂಲು ಹಿಡದು ನೋಡ್ರಿ. ಎರಡು ನಿಮಿಷದ ಕೆಲಸ. ಗಂಟು ಹಾಕಿದ ನನ್ನ ನೂಲು ಈಗ ಹೊಲಿಗಿ ಡಬ್ಬಿಯಾಗಿಲ್ಲ, ಗಾಡಿಯೊಳಗ ಜ್ಯಾಕು-ಪಾನಾದ ಜೋಡಿ ಐತಿ.