ಒಂದೇ ಮಾತಿನ ಹೆಂಡತಿ

ಆಡಬಾರದ ಮಾತೊಂದು ಎಂದಾದರೂ ನಿಮ್ಮ ಬಾಯಿಂದ ಜಾರಿದ್ದುಂಟೇ? ‘ಇಲ್ಲವೇ ಇಲ್ಲ’ ಎನ್ನುವವರು ಈ ಪುಟ ಬಿಟ್ಟು ಅಡಿಗೆಯ ಪುಟಕ್ಕೆ ಹೋಗಬಹುದು, ನನ್ನದೇನೂ ಅಡ್ಡಿಯಿಲ್ಲ. ‘ಉಂಟು’ ಎನ್ನುವವರು ಸ್ವಲ್ಪ ಹೊತ್ತು ನನ್ನ ಜೊತೆ ಕೂತುಕೊಳ್ಳಿ. ಒಲೆಯ ಮೇಲೆ ಹಾಲಿಟ್ಟಿದ್ದರೆ ಮೊದಲು ಇಳಿಸಿ ಬನ್ನಿ. ಒಂದೇ ಒಂದು ಮಾತಾಡಿ ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಬೈಗುಳ ತಿಂದ ಹೆಣ್ಣೊಬ್ಬಳ ವಿಷಯ ಹೇಳಬೇಕಾಗಿದೆ.

ನಮ್ಮ ಹಿಂದಿನ ಬೀದಿಯಲ್ಲಿ ನಿವೃತ್ತ ಉಪಾಧ್ಯಾಯಿನಿಯೊಬ್ಬರಿದ್ದಾರೆ, ಕ್ರೈಸ್ತರು. ಅವರ ಮನೆಯ ನಿಂಬೆಹಣ್ಣು ನಮ್ಮಲ್ಲಿಗೆ ಬರುತ್ತದೆ, ನಮ್ಮ ಮನೆಯ ಉಪ್ಪಿನಕಾಯಿ ಅಲ್ಲಿಗೆ ಹೋಗುತ್ತದೆ. ಒಂದು ಮಧ್ಯಾಹ್ನ ಹೀಗೇ ಮಾತಿಗೆ ಮಾತು ಬಂದು, ನಾನು ನಮ್ಮ ಹರಿಶ್ಚಂದ್ರನ ಕತೆ ತೆಗೆದೆ. ‘ಸತ್ಯಕ್ಕೋಸ್ಕರ ಅವನು ಪಟ್ಟ ಕಷ್ಟವೇನೋ ಸರಿ, ಚಂದ್ರಮತಿ ಏನು ಪಾಪ ಮಾಡಿದ್ದಳು ಹೇಳಿ?’ ಎಂದೆ. ಟೀಚರಮ್ಮ ನಕ್ಕರು. ‘ನಿಮ್ಮ ಚಂದ್ರಮತಿಗೆ ಹೆಸರಾದರೂ ಇದೆ. ನಮ್ಮ ಯೋಬನ ಹೆಂಡತಿಗೆ ಅದೂ ಇಲ್ಲ’ ಎಂದವರೇ ಒಳಗೆ ಹೋಗಿ ಬೈಬಲನ್ನು ತಂದು ನನ್ನ ಕೈಗಿಟ್ಟರು. ಅಂದು ರಾತ್ರಿ ಪಾತ್ರೆ ತೊಳೆದಾದ ಮೇಲೆ ಓದಲು ಕೂತವಳು ದೀಪ ಆರಿಸಿದಾಗ ಗಂಟೆ ಎಷ್ಟಾಗಿತ್ತೋ!

ಕತೆ ನಿಮಗೆ ಗೊತ್ತಿರಬಹುದು. ಊಚ್ ಎಂಬ ದೇಶದಲ್ಲಿ ಯೋಬನೆಂಬ ಸಜ್ಜನ. ಏಳು ಗಂಡು, ಮೂರು ಹೆಣ್ಣು ಮಕ್ಕಳು. 7,000 ಕುರಿ, 3,000 ಒಂಟೆ, 500 ಜೋಡಿ ಎತ್ತು, 500 ಹೆಣ್ಣು ಕತ್ತೆಗಳು. ದೇವರು ಅವನನ್ನು ಹೊಗಳಿದಾಗ ಸೈತಾನ ಆಕ್ಷೇಪಿಸುತ್ತಾನೆ. ಇವನ ಭಕ್ತಿ ಪುಕ್ಕಟೆಯದಲ್ಲ, ಇದ್ದದ್ದನ್ನೆಲ್ಲ ಕಿತ್ತುಕೊಂಡು ನೋಡು ಎನ್ನುತ್ತಾನೆ. ಪರೀಕ್ಷೆ ಶುರುವಾಗುತ್ತದೆ. ಒಂದೇ ದಿನದಲ್ಲಿ ದನಕರು ದರೋಡೆಯ ಪಾಲು, ಕುರಿ ಬೆಂಕಿಯ ಪಾಲು, ಒಂಟೆಗಳು ಇನ್ನೊಂದು ದಂಡಿನ ಪಾಲು. ಕಡೆಗೆ ಬಿರುಗಾಳಿ ಬೀಸಿ, ಹಿರಿಯಣ್ಣನ ಮನೆಯಲ್ಲಿ ಊಟಕ್ಕೆ ಸೇರಿದ್ದ ಹತ್ತೂ ಮಕ್ಕಳ ಮೇಲೆ ಮನೆಯೇ ಕುಸಿಯುತ್ತದೆ. ಯೋಬ ಆಗಲೂ ದೇವರನ್ನು ಕೊಂಡಾಡುತ್ತಾನೆ. ಆಮೇಲೆ ಅವನ ಮೈಗೇ ಬರುತ್ತದೆ ಕುತ್ತು. ಅಂಗಾಲಿನಿಂದ ನಡುನೆತ್ತಿಯವರೆಗೆ ಹುಣ್ಣು. ಬೂದಿಯಲ್ಲಿ ಕೂತು ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುತ್ತಾನೆ.

ಆಗ ಬರುತ್ತಾಳೆ ಹೆಂಡತಿ. ಇನ್ನೂ ನಿನ್ನ ನಿಷ್ಠೆಯನ್ನೇ ಹಿಡಿದುಕೊಂಡಿದ್ದೀಯಾ, ದೇವರನ್ನು ಶಪಿಸಿ ಪ್ರಾಣ ಬಿಡು ಎನ್ನುತ್ತಾಳೆ. ಅಷ್ಟೇ. ಮೂಲ ಹೀಬ್ರೂ ಭಾಷೆಯಲ್ಲಿ ಎಣಿಸಿದರೆ ಆರೇ ಆರು ಪದ. ಆಮೇಲೆ 42 ಅಧ್ಯಾಯಗಳ ಆ ಪುಸ್ತಕದಲ್ಲಿ ಅವಳ ದನಿ ಮತ್ತೆ ಕೇಳಿಸುವುದಿಲ್ಲ.

ಆರು ಪದಕ್ಕೆ ಸಿಕ್ಕ ಬಹುಮಾನ ನೋಡಿ! ಸಂತ ಅಗಸ್ಟೀನನಂಥ ದೊಡ್ಡ ಜ್ಞಾನಿ ಅವಳನ್ನು ಸೈತಾನನ ಸಹಾಯಕಿ ಎಂದ. ಮಕ್ಕಳನ್ನೆಲ್ಲ ಕಿತ್ತುಕೊಂಡ ಸೈತಾನ ಹೆಂಡತಿಯನ್ನು ಮಾತ್ರ ಯಾಕೆ ಉಳಿಸಿದ ಎಂಬ ಪ್ರಶ್ನೆಗೆ, ಗಂಡನನ್ನು ಕಾಡಿಸಲೆಂದೇ ಉಳಿಸಿದ ಎಂದು ಉತ್ತರ ಬರೆದವರೂ ಇದ್ದರು.

ನಿಜ ಹೇಳುತ್ತೇನೆ, ನಾನೂ ಮೊದಲು ಹಾಗೇ ಅಂದುಕೊಂಡೆ. ‘ಎಂಥ ಹೆಂಗಸಪ್ಪಾ!’ ಎನ್ನಿಸಿತು. ಅನ್ನಿಸಿದ ಮರುಗಳಿಗೆಯೇ ಎದೆ ಧಸಕ್ಕೆಂದಿತು. ಯಾಕೆಂದರೆ ಇದೇ ಮಾತನ್ನು ನಾನು ಇನ್ನೊಬ್ಬರ ವಿಷಯದಲ್ಲಿ ಹಿಂದೆ ಆಡಿದ್ದೆ. ನನ್ನ ಹೆತ್ತ ತಾಯಿಯ ವಿಷಯದಲ್ಲಿ.

ನನಗಾಗ ಹದಿನಾರು ವರ್ಷ. ನಮ್ಮ ತಂದೆಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಎಡಭಾಗ ಸ್ವಾಧೀನವಿಲ್ಲ, ಮಾತು ತೊದಲು. ಬಂಧುಬಳಗ ಬರುತ್ತಿತ್ತು, ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿತ್ತು. ಪೂರ್ವಜನ್ಮದ ಕರ್ಮ ಎಂದರು ಕೆಲವರು. ಮನೆದೇವರಿಗೆ ಏನೋ ಬಾಕಿ ಉಳಿಸಿಕೊಂಡಿದ್ದೀರಿ ಎಂದರು ಇನ್ನು ಕೆಲವರು. ಅಮ್ಮ ಎಲ್ಲರಿಗೂ ಕಾಫಿ ಕೊಟ್ಟು ಲೋಟ ಒಯ್ಯುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೇಳಿರಲಿಲ್ಲ ಬಿಡಿ.

ಒಂದು ಮಧ್ಯಾಹ್ನ, ಮನೆ ತುಂಬ ನೆಂಟರಿದ್ದಾಗ, ತಂದೆಯ ಹಾಸಿಗೆ ಬದಲಿಸುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ದುಪ್ಪಟಿಯನ್ನು ನೆಲಕ್ಕೆ ಎಸೆದು, ‘ಇನ್ನೂ ಎಷ್ಟು ದಿನಾಂತ ಹೀಗೆ ಜೀವ ಹಿಡ್ಕೊಂಡಿರ್ತೀರಿ? ಬಿಟ್ಬಿಡಿ, ಹೋಗ್ಬಿಡಿ!’ ಎಂದು ಕಿರುಚಿದಳು.

ಮನೆಯೆಲ್ಲ ಸ್ತಬ್ಧ. ‘ಗಂಡನಿಗೆ ಆಡೋ ಮಾತೇನೇ ಇದು?’ ಎಂದು ಸೋದರತ್ತೆ ಕೆನ್ನೆ ಬಡಿದುಕೊಂಡರು. ಅಮ್ಮ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯಲು ಕೂತಳು. ತಂದೆ ಬಾಯಿ ತೆರೆದು, ಕಷ್ಟಪಟ್ಟು, ‘ಅವ್ಳು... ಊಟ...’ ಎಂದರು. ಅವರಿಗೆ ಹಸಿವಾಗಿದೆಯೆಂದುಕೊಂಡು ನಾನು ಗಂಜಿ ತಂದೆ. ಚಮಚ ತುಟಿಗಿಟ್ಟರೆ ಮುಖ ಆ ಕಡೆ ತಿರುಗಿಸಿಬಿಟ್ಟರು. ಹೆಂಡತಿಯ ಮಾತಿನಿಂದ ಮನಸ್ಸು ಮುರಿದು ಅನ್ನವೂ ಬೇಡವಾಗಿದೆ ಎಂದು ನಾನೇ ಅರ್ಥ ಕಟ್ಟಿಕೊಂಡೆ. ಅಂದೇ ಅಮ್ಮನ ಮೇಲೆ ಒಂದು ಬಾಗಿಲು ಹಾಕಿದೆ. ಮರುವರ್ಷ ತಂದೆ ಹೋದರು. ಅಮ್ಮ ಆಮೇಲೆ ಇಪ್ಪತ್ತು ವರ್ಷ ಬದುಕಿದ್ದಳು. ನನ್ನ ಬಾಣಂತನ ಮಾಡಿದಳು, ಮಕ್ಕಳನ್ನು ಆಡಿಸಿದಳು. ಆ ಬಾಗಿಲು ಮಾತ್ರ ನಾನು ಪೂರ್ತಿ ತೆರೆಯಲಿಲ್ಲ. ‘ಎಂಥ ಹೆಂಗಸಪ್ಪಾ’ ಎಂಬುದು ಒಳಗೆ ಇದ್ದೇ ಇತ್ತು.

ಹೀಗಾಗಿ ಯೋಬನ ಹೆಂಡತಿಯನ್ನು ಸುಮ್ಮನೆ ದಾಟಿ ಹೋಗುವುದು ನನ್ನಿಂದಾಗಲಿಲ್ಲ. ಮರುದಿನವೇ ಟೀಚರಮ್ಮನ ಮನೆಗೆ ಹೋದೆ. ಅವರು ಈ ವಿಷಯ ಬಹಳ ಓದಿಕೊಂಡವರು. ಅವರು ಹೇಳಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಸೇರಿಸಿ ನಿಮ್ಮ ಮುಂದಿಡುತ್ತೇನೆ, ನೀವೇ ತೂಗಿ ನೋಡಿ.

ಮೊದಲನೆಯದು, ಆ ಶಪಿಸು ಎಂಬ ಪದ. ಹೀಬ್ರೂ ಮೂಲದಲ್ಲಿ ಅಲ್ಲಿರುವುದು ‘ಬಾರೆಖ್’. ಅದರ ನೇರ ಅರ್ಥ ‘ಆಶೀರ್ವದಿಸು, ಕೊಂಡಾಡು’ ಎಂದು! ದೇವರ ಹೆಸರಿನ ಪಕ್ಕ ‘ಶಾಪ’ ಎಂಬ ಕೆಟ್ಟ ಪದ ಬರೆಯಲು ಹಿಂಜರಿದು ಹಿಂದಿನವರು ಅದರ ಬದಲು ಒಳ್ಳೆಯ ಪದವನ್ನೇ ಬರೆಯುತ್ತಿದ್ದರಂತೆ. ನಾವು ದೀಪ ಆರಿಸು ಎನ್ನದೆ ‘ದೀಪ ದೊಡ್ಡದು ಮಾಡು’ ಎನ್ನುವುದಿಲ್ಲವೇ, ಹಾಗೆ. ಅದಕ್ಕೇ ಭಾಷಾಂತರದಲ್ಲಿ ‘ಶಪಿಸು’ ಎಂದು ಬಂತು. ಆದರೆ ಕೆಲವರು ಕೇಳುತ್ತಾರೆ, ಅವಳು ಬರೆದಿರುವಂತೆಯೇ ಹೇಳಿದ್ದರೆ? ‘ದೇವರನ್ನು ಇನ್ನೊಮ್ಮೆ ಕೊಂಡಾಡಿ ನೆಮ್ಮದಿಯಾಗಿ ಕಣ್ಣು ಮುಚ್ಚು, ಸಾಕು ಈ ನರಕ’ ಎಂದಿದ್ದರೆ? ಹೆಚ್ಚಿನ ಪಂಡಿತರು ಒಪ್ಪುವುದು ‘ಶಪಿಸು’ ಎಂಬುದನ್ನೇ. ನನಗೂ ಅದೇ ಸರಿ ಎನ್ನಿಸುತ್ತದೆ. ಹತ್ತು ಮಕ್ಕಳನ್ನು ಒಂದೇ ದಿನ ಕಳಕೊಂಡವಳು ಮೆತ್ತಗೆ ಮಾತಾಡಿದ್ದಾಳು ಎಂದು ನಂಬುವುದು ಕಷ್ಟ.

ಎರಡನೆಯದು, ಅವಳಾಡಿದ ಮೊದಲರ್ಧ. ನಿಷ್ಠೆಯನ್ನು ಇನ್ನೂ ಹಿಡಿದುಕೊಂಡಿದ್ದಾನೆ ಎಂಬುದು ಅದಕ್ಕೆ ಸ್ವಲ್ಪ ಮೊದಲು ಯೋಬನ ಬಗ್ಗೆ ದೇವರೇ ಹೆಮ್ಮೆಯಿಂದ ಆಡಿದ ಮಾತು. ಶಪಿಸುತ್ತಾನೆ ಎಂಬುದು ಸೈತಾನ ಹೇಳಿದ್ದು. ಸ್ವರ್ಗದಲ್ಲಿ ನಡೆದ ಆ ಸಂಭಾಷಣೆ ಪಾಪ, ಇವಳಿಗೆ ಗೊತ್ತೇ ಇಲ್ಲ. ಆದರೂ ಎರಡೂ ಕಡೆಯ ಮಾತು ಇವಳ ಒಂದೇ ಉಸಿರಿನಲ್ಲಿ ಬಂದುಬಿಟ್ಟಿದೆ. ಗಂಡ ಎಂಥವನೆಂದು ದೇವರಿಗೆ ಗೊತ್ತಿದ್ದಷ್ಟೇ ಇವಳಿಗೂ ಗೊತ್ತಿತ್ತು ಎಂದಾಯಿತು.

ಮೂರನೆಯದು, ಗಂಡನ ಉತ್ತರ. ಯೋಬ ಗದರುತ್ತಾನೆ, ನಿಜ. ಆದರೆ ‘ನೀನು ಮೂರ್ಖಳು’ ಎನ್ನುವುದಿಲ್ಲ, ಮೂರ್ಖ ಹೆಂಗಸರು ಮಾತಾಡುವ ಹಾಗೆ ಮಾತಾಡುತ್ತೀಯಲ್ಲ ಎನ್ನುತ್ತಾನೆ. ನೀನು ಅಂಥವಳಲ್ಲವಲ್ಲ, ಇವತ್ತೇನಾಯಿತು ಎಂಬಂತೆ. ಅಲ್ಲದೆ ದೇವರಿಂದ ಬಂದ ಒಳಿತನ್ನು ಪಡೆದ ನಾವು ಕೆಡುಕನ್ನೂ ಪಡೆಯಬೇಡವೇ ಎನ್ನುತ್ತಾನೆ. ‘ನಾನು’ ಅಲ್ಲ, ‘ನಾವು’. ಸಂಕಟ ತಮ್ಮಿಬ್ಬರದೂ ಎಂದು ಅವನಿಗೆ ತಿಳಿದಿತ್ತು. ಅವಳನ್ನು ಬೈದವರಿಗೆ ಆ ‘ನಾವು’ ಕಾಣಿಸಲಿಲ್ಲವೇ?

ನಾಲ್ಕನೆಯದೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು. ಯೋಬನನ್ನು ಸಂತೈಸಲು ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಸ್ನೇಹಿತರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮೌನವಾಗಿ ಕೂರುತ್ತಾರೆ. ಆಮೇಲೆ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸಿ ಬಾಯಿಬಿಟ್ಟಾಗ ಅವರ ಉಪದೇಶ ಶುರು. ನೀನು ಪಾಪ ಮಾಡಿರಲೇಬೇಕು, ಅದಕ್ಕೇ ಈ ಶಿಕ್ಷೆ ಎಂದು ಅಧ್ಯಾಯಗಟ್ಟಲೆ ಹೇಳುತ್ತಾರೆ. ಕೊನೆಗೆ ದೇವರು ಮಾತಾಡಿದಾಗ ಯಾರ ಮೇಲೆ ಸಿಟ್ಟಾದ ಗೊತ್ತೇ? ಆ ಮೂವರ ಮೇಲೆ. ನನ್ನ ವಿಷಯದಲ್ಲಿ ನೀವು ಸರಿಯಾದದ್ದನ್ನು ಆಡಲಿಲ್ಲ ಎಂದು ಅವರಿಗೆ ಹೇಳುತ್ತಾನೆ. ಹೆಂಡತಿಯ ಮೇಲೆ ಒಂದು ಮಾತೂ ಇಲ್ಲ! ದೇವರೇ ಬೈಯದವಳನ್ನು ಜನ ಇಷ್ಟು ಕಾಲ ಬೈದರು.

ಹಾಗೆಂದು ಅವಳ ಪರ ಯಾರೂ ಇರಲಿಲ್ಲವೆಂದಲ್ಲ. ಕ್ರಿಸ್ತನಿಗೂ ಹಿಂದೆ ಹೀಬ್ರೂವಿನಿಂದ ಗ್ರೀಕಿಗೆ ಆದ ಭಾಷಾಂತರದಲ್ಲಿ ಅವಳಿಗೆ ಉದ್ದನೆಯ ಮಾತೇ ಇದೆ. ಹೊಟ್ಟೆಯಲ್ಲಿ ಹೊತ್ತು ಹೆತ್ತ ನೋವೆಲ್ಲ ವ್ಯರ್ಥವಾಯಿತು, ಕೂಲಿಯವಳಾಗಿ ಮನೆಯಿಂದ ಮನೆಗೆ ಅಲೆಯುತ್ತಿದ್ದೇನೆ, ಸೂರ್ಯ ಯಾವಾಗ ಮುಳುಗುವನೋ, ಮೈಗೆ ಯಾವಾಗ ಬಿಡುವು ಸಿಗುವುದೋ ಎಂದು ಕಾಯುತ್ತೇನೆ ಎನ್ನುತ್ತಾಳೆ. ಬೈಬಲಿಗೆ ಸೇರದ ಒಂದು ಹಳೆಯ ಯೆಹೂದಿ ಗ್ರಂಥ ಅವಳಿಗೆ ಸಿಟಿಸ್ ಎಂದು ಹೆಸರನ್ನೂ ಕೊಟ್ಟಿದೆ. ಅದರಲ್ಲಿ ಅವಳು ಪರರ ಮನೆಯಲ್ಲಿ ನೀರು ಹೊತ್ತು ಗಂಡನಿಗೆ ರೊಟ್ಟಿ ತರುತ್ತಾಳೆ. ಒಮ್ಮೆ ಬೇರೆ ದಾರಿಯಿಲ್ಲದೆ ನಡುಸಂತೆಯಲ್ಲಿ ತಲೆಗೂದಲು ಕತ್ತರಿಸಿ ಕೊಟ್ಟು ಮೂರು ರೊಟ್ಟಿ ಪಡೆಯುತ್ತಾಳೆ. ಮುಸ್ಲಿಮರ ಪರಂಪರೆಯಲ್ಲಿ ಅಯ್ಯೂಬರ ಹೆಂಡತಿಗೆ ರಹಮತ್ ಎಂಬ ಹೆಸರುಂಟು. ಗಂಡನನ್ನು ಬಿಡದೆ ಸೇವೆ ಮಾಡಿದವಳೆಂದು ಅವಳ ಮೇಲೆ ಬಹಳ ಗೌರವ.

ಜರ್ಮನಿಯ ಚಿತ್ರಕಾರ ಡ್ಯೂರರ್ ಸುಮಾರು 1504ರಲ್ಲಿ ಬರೆದ ಚಿತ್ರವೊಂದನ್ನು ಟೀಚರಮ್ಮ ಪುಸ್ತಕದಲ್ಲಿ ತೋರಿಸಿದರು. ಮೂಲಚಿತ್ರ ಫ್ರಾಂಕ್‌ಫರ್ಟ್ ನಗರದಲ್ಲಿದೆ. ಕೆನ್ನೆಗೆ ಕೈಯಾನಿಸಿ ಕೂತ ಯೋಬ, ಅವನ ಬೆನ್ನಿನ ಮೇಲೆ ಬಕೆಟಿನಿಂದ ನೀರು ಸುರಿಯುತ್ತಿರುವ ಹೆಂಡತಿ. ಗೇಲಿ ಮಾಡಿ ಸುರಿಯುತ್ತಿದ್ದಾಳೆ ಎನ್ನುವವರುಂಟು, ಹುಣ್ಣಿನ ಉರಿ ತಣಿಯಲೆಂದು ಸುರಿಯುತ್ತಿದ್ದಾಳೆ ಎನ್ನುವವರುಂಟು. ನಾನು ಬಹಳ ಹೊತ್ತು ನೋಡಿದೆ. ನನಗೆ ಕಂಡದ್ದು ದುಪ್ಪಟಿ ಎಸೆದು ಹೋದ ನನ್ನ ಅಮ್ಮ. ಅಂದು ಸಂಜೆ ಬಿಸಿನೀರು ಕಾಯಿಸಿ, ತಂದೆಯ ಬೆನ್ನಿನ ಹುಣ್ಣುಗಳನ್ನು ಒಂದೊಂದಾಗಿ ಒರೆಸಿ, ಔಷಧಿ ಹಚ್ಚಿ, ಒಗೆದು ಒಣಗಿಸಿದ ಅದೇ ದುಪ್ಪಟಿಯನ್ನು ಹಾಸಿದವಳೂ ಅವಳೇ. ಅದನ್ನೂ ನಾನು ಕಣ್ಣಾರೆ ಕಂಡಿದ್ದೆ. ಆದರೆ ನೆನಪಿಟ್ಟುಕೊಂಡದ್ದು ಕಿರುಚಿದ ಮಾತೊಂದನ್ನೇ.

ಆ ರಾತ್ರಿ ಮಲಗಿದಾಗ ಇನ್ನೊಂದು ಹೊಳೆಯಿತು, ಎದ್ದು ಕೂತೆ. ‘ಅವ್ಳು... ಊಟ...’ ತಂದೆ ಗಂಜಿ ಕೇಳಿರಲಿಲ್ಲ! ಅವಳಿಗೆ ಊಟವಾಯಿತೇ ಎಂದು ಕೇಳಿದ್ದರು. ಅಂದು ನೆಂಟರಿಗೆಲ್ಲ ಬಡಿಸಿ ಅಮ್ಮ ಊಟಕ್ಕೆ ಕೂತಿರಲೇ ಇಲ್ಲ. ಹಾಸಿಗೆ ಹಿಡಿದ ಮನುಷ್ಯ ಗಮನಿಸಿದ್ದನ್ನು ಓಡಾಡಿಕೊಂಡಿದ್ದ ನಾವ್ಯಾರೂ ಗಮನಿಸಲಿಲ್ಲ. ಅವರ ಎರಡು ಪದಕ್ಕೂ ತಪ್ಪು ಅರ್ಥ ಮಾಡಿದೆ, ಅಮ್ಮನ ಮಾತಿಗೂ ತಪ್ಪು ಅರ್ಥ ಮಾಡಿದೆ. ಕೇಳಿ ತಿಳಿಯೋಣವೆಂದರೆ ಈಗ ಇಬ್ಬರೂ ಇಲ್ಲ.

ಯೋಬನ ಕತೆ ಸುಖವಾಗಿ ಮುಗಿಯುತ್ತದೆ. ಕುರಿ 14,000, ಒಂಟೆ 6,000, ಎಲ್ಲ ಇಮ್ಮಡಿ. ಮಕ್ಕಳು ಮಾತ್ರ ಇಮ್ಮಡಿಯಲ್ಲ, ಮತ್ತೆ ಏಳು ಗಂಡು ಮೂರು ಹೆಣ್ಣು. ಹೋದ ಕುರಿಗೆ ಲೆಕ್ಕ ಕೊಡಬಹುದು, ಹೋದ ಮಕ್ಕಳಿಗೆ ಕೊಡಲಾಗದು ಎಂದೋ ಏನೋ. ಹೆಣ್ಣುಮಕ್ಕಳ ಹೆಸರು ಮುದ್ದಾಗಿವೆ. ಯೆಮೀಮಾ ಎಂದರೆ ಪಾರಿವಾಳ, ಕೆಚೀಯ ಎಂದರೆ ದಾಲ್ಚಿನ್ನಿಯಂಥ ಸುಗಂಧದ ತೊಗಟೆ, ಕೆರೆನ್‌ಹಪ್ಪೂಕ್ ಎಂದರೆ ಕಾಡಿಗೆ ತುಂಬಿಡುವ ಕೊಂಬು. ಅಣ್ಣತಮ್ಮಂದಿರ ಜೊತೆ ಅವರಿಗೂ ಆಸ್ತಿ ಸಿಕ್ಕಿತಂತೆ. ಇವರನ್ನು ಹೆತ್ತವಳು ಯಾರೆಂದು ಅಲ್ಲಿ ಬರೆದಿಲ್ಲ. ಬೇರೆ ಹೆಂಡತಿ ಬಂದಳೆಂದೂ ಬರೆದಿಲ್ಲ. ಅದೇ ತಾಯಿ ಎಂದು ನಾನು ಓದಿಕೊಳ್ಳುತ್ತೇನೆ. ಹತ್ತು ಹೆತ್ತು, ಹತ್ತನ್ನೂ ಮಣ್ಣು ಮಾಡಿ, ಮತ್ತೆ ಹತ್ತು ತೊಟ್ಟಿಲು ತೂಗಲು ಅವಳಿಗೆ ಎಷ್ಟು ಧೈರ್ಯ ಬೇಕಾಗಿತ್ತೋ, ಹೆತ್ತವರು ನೀವೇ ಹೇಳಿ.

ಕಡೆಯದಾಗಿ ನಿಮ್ಮಲ್ಲೊಂದು ಕೋರಿಕೆ. ಕಾಯಿಲೆಯವರನ್ನು ನೋಡಲು ಹೋಗುವಾಗ ಹಣ್ಣು ಒಯ್ಯುತ್ತೀರಲ್ಲ, ಜೊತೆಗೆ ಒಂದು ಡಬ್ಬಿ ಮೊಸರನ್ನವನ್ನೋ ಹುಗ್ಗಿಯನ್ನೋ ಒಯ್ಯಿರಿ. ರೋಗಿಯ ಹತ್ತಿರ ನೀವು ಒಂದು ಗಂಟೆ ಕೂತು, ಆ ಮನೆಯಾಕೆಯನ್ನು ಸ್ನಾನಕ್ಕೋ ನಿದ್ದೆಗೋ ಕಳಿಸಿ. ಅವಳೇನಾದರೂ ಕಹಿ ಮಾತಾಡಿದರೆ ಕೆನ್ನೆ ಬಡಿದುಕೊಳ್ಳಬೇಡಿ. ‘ನಿಮ್ಮದು ಊಟ ಆಯ್ತಾ?’ ಎಂದು ಕೇಳಿ. ನಮ್ಮ ತಂದೆ ತೊದಲಿದ್ದು ಅದನ್ನೇ.