ಹರವೆಯ ಅರಿಸಿನ, ಕೂಸಿನ ಗಿಲಕಿ

ಚಾಮರಾಜನಗರ ತಾಲ್ಲೂಕಿನ ಹರವೆಯ ಸೀಮೆಯು ಅರಿಸಿನಕ್ಕೆ ಹೆಸರಾದುದು. ಬೆಳೆಗಾರನಿಗೆ ಅದು ಹಣ, ಗೃಹಿಣಿಗೆ ಮಂಗಳದ್ರವ್ಯ. ಕೂಸಿನ ಆಟಿಕೆಗೂ ಅದು ಬಣ್ಣವೆಂಬುದನ್ನು ಬಲ್ಲವರು ಕಡಿಮೆ.

ಚನ್ನಪಟ್ಟಣದಲ್ಲಿ ಗಿಡಮೂಲದ ಬಣ್ಣಗಳನ್ನು ಬಳಸುವ ಕುಶಲಿಗಳು ಹಳದಿಗಾಗಿ ಅರಿಸಿನವನ್ನೇ ಅರಗಿನಲ್ಲಿ ಬೆರೆಸುವರು. (ಈ ಹೊಲಗಳ ಅರಿಸಿನವೇ ಅಲ್ಲಿಗೆ ಹೋಗುವುದೆಂದಲ್ಲ; ವಸ್ತುವೊಂದೇ.) ಹಾಲೆಮರದ ತುಂಡನ್ನು ಯಂತ್ರದಲ್ಲಿ ಕಡೆದು, ಅದು ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತುವರು. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಬಳಿಕ ಕೇದಗೆಯ ಎಲೆಯಿಂದ ತಿಕ್ಕಿದರೆ ಕನ್ನಡಿಯಂತಹ ಹೊಳಪು!

ಹಲ್ಲು ಮೂಡುವ ಕೂಸು ಗಿಲಕಿಯನ್ನು ನೋಡುವುದಕ್ಕಿಂತ ಕಚ್ಚುವುದೇ ಹೆಚ್ಚು. ಬಣ್ಣದಲ್ಲಿ ಸೀಸವಿದ್ದರೆ ಅದು ಎಳೆಯ ಮಿದುಳಿಗೆ ವಿಷ. ಆದುದರಿಂದ, ತಾಯಂದಿರೇ, ಅಂದಕ್ಕೆ ಮರುಳಾಗುವ ಮೊದಲು ಬಣ್ಣವಾವುದೆಂದು ಅಂಗಡಿಯವನನ್ನು ಕೇಳಿರಿ. ಕಾರ್ಖಾನೆಯ ಪ್ಲಾಸ್ಟಿಕ್ ಆಟಿಕೆಯಾದರೆ ಐ.ಎಸ್.ಐ. ಮುದ್ರೆಯನ್ನು ಹುಡುಕಿರಿ, 2021ರಿಂದ ಅದು ಕಡ್ಡಾಯವಾಗಿದೆ. ಕಾಳಿನಷ್ಟು ಚೂರು ಕಳಚಿ ಬರುವಂತಿದ್ದರೆ ಯಾವುದಾದರೂ ಬೇಡವೇ ಬೇಡ.

ಅರಗಿನ ಗಿಲಕಿಯನ್ನು ಬಿಸಿನೀರಿನಲ್ಲಿ ಅದ್ದಬಾರದು, ಬಿಸಿಲಿನಲ್ಲಿ ಇಡಬಾರದು, ಅರಗು ಮೆತ್ತಗಾಗುವುದು. ಒದ್ದೆಯ ಅರಿವೆಯಿಂದ ಒರಸಿದರೆ ಸಾಕು.