ಡ್ರೈವರ್ ಮಗ

"ಸ್ಟೇರಿಂಗ್ ಹಿಡಿಯೋದು ಬೇಡ ಅಂತ ತಾನೇ ನಿನ್ನ ಓದಿಸಿದ್ದು?"

ಪೈಲಟ್ ಆಗ್ತೀನಿ ಅಂದಾಗ ಅಪ್ಪ ಕೇಳಿದ್ದು ಇಷ್ಟೇ. ಮೂವತ್ತು ವರ್ಷ ಕೆಎಸ್‌ಆರ್‌ಟಿಸಿ ಬಸ್ ಓಡಿಸಿದವರು. ನನಗಾಗ 39. ಬೆಂಗಳೂರಿನ ಕಂಪನಿಯೊಂದರಲ್ಲಿ ಅಕೌಂಟ್ಸ್ ಮ್ಯಾನೇಜರ್. ಹೋಮ್ ಲೋನ್, ಆರನೇ ಕ್ಲಾಸಿನ ಮಗಳು ಎಲ್ಲಾ ಇತ್ತು. ಅಪ್ಪನಿಗೆ ಕೊಡೋಕೆ ಉತ್ತರ ಮಾತ್ರ ಇರಲಿಲ್ಲ.

ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಕನಿಷ್ಠ 18 ವರ್ಷ ಆಗಿರಬೇಕು. ಏರ್‌ಲೈನ್‌ನಲ್ಲಿ 65ರವರೆಗೂ ಹಾರಬಹುದು. ಮೆಡಿಕಲ್ಲೂ ಪಾಸಾಯ್ತು. ನನಗೆ ಅಡ್ಡ ಬಂದಿದ್ದು ವಯಸ್ಸಲ್ಲ, ಫಿಸಿಕ್ಸ್! ಡಿಜಿಸಿಎ ಪ್ರಕಾರ ಹನ್ನೆರಡನೇ ಕ್ಲಾಸಿನ ಫಿಸಿಕ್ಸ್, ಮ್ಯಾಥ್ಸ್ ಪಾಸಾಗಿರಬೇಕಿತ್ತು. ನಾನೋ ಕಾಮರ್ಸ್. ಎನ್‌ಐಒಎಸ್ ಓಪನ್ ಸ್ಕೂಲಲ್ಲಿ ಮತ್ತೆ ಓದಿದೆ. ಪರೀಕ್ಷೆ ದಿನ ಒಬ್ಬ ಹುಡುಗ ನನ್ನನ್ನೇ ನೋಡಿ, "ಸರ್, ಅಡಿಷನಲ್ ಶೀಟ್" ಅಂದ.

ಊರಲ್ಲಿದ್ದ ಸೈಟು ಮಾರಿದೆ. ಹೆಂಡತಿ ಅಂದಳು: "ಮೂರು ವರ್ಷ ನಾನು ಸಂಭಾಳಿಸ್ತೀನಿ. ಆಮೇಲೆ ಮತ್ತೆ ಅಕೌಂಟ್ಸೇ."

ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ನನಗೆ ಕಲಿಸಿದವರಿಗೆ 26 ವರ್ಷ. ಒಂದು ಬೆಳಿಗ್ಗೆ ಸೆಸ್ನಾ 172ನಲ್ಲಿ ರನ್‌ವೇ ಕಡೆ ಇಳೀತಾ ಇದ್ದೆ. ಎತ್ತರ ಜಾಸ್ತಿ, ವೇಗವೂ ಜಾಸ್ತಿ. ಸರಿ ಮಾಡ್ಬಿಡ್ತೀನಿ ಅಂತ ಮೂತಿ ಇನ್ನೂ ತಗ್ಗಿಸಿದೆ. ವೇಗ ಮತ್ತೂ ಏರಿತು. "ಐ ಹ್ಯಾವ್ ಕಂಟ್ರೋಲ್" ಅಂದವರೇ ಪೂರ್ತಿ ಪವರ್ ಕೊಟ್ಟು ಮೇಲಕ್ಕೆತ್ತಿದರು. ಇದಕ್ಕೆ ಗೋ-ಅರೌಂಡ್ ಅಂತಾರೆ. ಇಳಿಯೋದು ಬಿಟ್ಟು ಮತ್ತೊಂದು ಸುತ್ತು ಬರೋದು.

ಕೆಳಗಿಳಿದ ಮೇಲೆ ಅವರು ಹೇಳಿದ್ದು: "ಎತ್ತರ ತಪ್ಪಿದ್ದು ದೊಡ್ಡದಲ್ಲ ಸರ್. ಬಿಡೋಕೆ ಮನಸ್ಸು ಬರಲಿಲ್ಲ ನೋಡಿ, ಅದು ತಪ್ಪು."

ಹದಿನೇಳು ವರ್ಷ ಆಫೀಸಲ್ಲಿ ನಾನು ಮಾಡಿದ್ದೂ ಅದೇ. ಲೆಕ್ಕ ತಪ್ಪಿದ್ದು ಕಂಡರೂ ತಿಂಗಳ ಕೊನೆಗೆ ಹೇಗೋ ಸರಿ ಹೋಗತ್ತೆ ಅಂತ ಬಾಯಿ ಮುಚ್ಚಿಕೊಂಡಿರೋದು. ಕೆಲಸ ಬೇಸರ ತರಿಸಿ ಎಷ್ಟೋ ವರ್ಷ ಆಗಿದ್ದರೂ ಅದನ್ನೂ ಹಾಗೇ ಎಳೆದುಕೊಂಡು ಬಂದಿದ್ದೆ.

ರಾತ್ರಿ ಫೋನಲ್ಲಿ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಓವರ್‌ಟೇಕ್ ಅರ್ಧಕ್ಕೆ ಬಿಟ್ಟು ಹಿಂದಕ್ಕೆ ಬರೋಕೆ ನಾಚ್ಕೊಳ್ತಾನಲ್ಲ, ಅವನೇ ಕಣೋ ಆಕ್ಸಿಡೆಂಟ್ ಮಾಡೋದು." ನಮ್ಮಿಬ್ಬರದೂ ಒಂದೇ ಕಸುಬು ಅಂತ ಅವತ್ತು ಮೊದಲ ಸಲ ಅನ್ನಿಸಿತು.

ಈಗ ಲೈಸೆನ್ಸ್ ಕೈಲಿದೆ, ಕೆಲಸ ಇಲ್ಲ. ಏರ್‌ಬಸ್ 320 ಹಾರಿಸೋಕೆ ಟೈಪ್ ರೇಟಿಂಗ್ ಬೇರೆ ಆಗಬೇಕು, ಅದಕ್ಕೆ ಮತ್ತೆ ಲಕ್ಷಗಳು. ಸದ್ಯಕ್ಕೆ ಮನೆಯಲ್ಲೇ ಕೂತು ನಾಲ್ಕು ಅಂಗಡಿಗಳ ಜಿಎಸ್‌ಟಿ ನೋಡ್ತೀನಿ. ಹೆಂಡತಿ ಕೊಟ್ಟ ಗಡುವಿಗೆ ಇನ್ನು ಐದು ತಿಂಗಳಿದೆ.

ಮೊನ್ನೆ ಅಪ್ಪ ನನ್ನ ಲಾಗ್‌ಬುಕ್ ತೆಗೆದು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದರು.

"ಆಕ್ಸಿಡೆಂಟ್ ಎಲ್ಲಿ ಬರೀತಾರೆ?"

"ಯಾವ್ದೂ ಆಗಿಲ್ಲ ಅಪ್ಪ."

"ಹಂಗೇ ಇರ್ಲಿ" ಅಂದು, ತಮ್ಮ ಬೆಳ್ಳಿ ಪದಕ ಇಟ್ಟಿದ್ದ ಬೀರುವಿನಲ್ಲೇ ಅದನ್ನೂ ಇಟ್ಟರು.